ವಿಲ್ಕೋಗೆ ಅವರ ಲಾಫ್ಟ್ ಒಳ್ಳೇದು ಮಾಡಿತಾ, ಕೆಟ್ಟದ್ದಾ? ಸ್ವಂತ ಸ್ಟುಡಿಯೋ ಕನಸಿನವರೆಲ್ಲ ಇಲ್ಲಿ ಬನ್ನಿ

ಹಳೇಕ್ಯಾಸೆಟ್
ಮೊನ್ನೆ ಬಾಡಿಗೆಬ್ಯಾಂಡ್ ಒಂದು ಪ್ರಶ್ನೆ ಹಾಕಿದ್ದರು. ಅವರ ಬೇಸ್ ಹುಡುಗ ಜರ್ಮನಿಗೆ ಹೊರಟಿದ್ದಾನೆ. ಉಳಿದ ಮೂವರ ಹತ್ತಿರ ಆರು ಲಕ್ಷ ಇದೆ. ನಾಗರಬಾವಿಯ ಮನೆಯ ಮಹಡಿ ರೂಮನ್ನು ಸ್ಟುಡಿಯೋ ಮಾಡೋಣವೇ, ಇಲ್ಲಾ ಅದೇ ದುಡ್ಡಲ್ಲಿ ಹೊರಗೆ ಆಲ್ಬಮ್ ಮುಗಿಸೋಣವೇ ಅಂತ. ನಾನು "ಕಟ್ಟಿ, ವಿಲ್ಕೋನ ನೋಡಿ ಕಲಿಯಿರಿ" ಅಂದೆ. ಮೂರು ಜನ ಮೈಮೇಲೆ ಬಿದ್ದರು. ಅಲ್ಲಿ ಗಲಾಟೆ ಬೇಡ ಅಂತ ಇಲ್ಲಿ ಬೇರೆ ತೆಗೆದಿದ್ದೇನೆ.

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡುತ್ತೇನೆ. ವಿಲ್ಕೋ ಚಿಕಾಗೋದ ಬ್ಯಾಂಡು. ಅಂಕಲ್ ಟ್ಯುಪೆಲೋ ಅನ್ನುವ ಬ್ಯಾಂಡು ಒಡೆದ ಮೇಲೆ 1994ರಲ್ಲಿ ಶುರುವಾಯಿತು. ಹಾಡುವುದು, ಬರೆಯುವುದು ಜೆಫ್ ಟ್ವೀಡಿ. ಮೊದಲ ದಿನದಿಂದ ಇವತ್ತಿನವರೆಗೂ ಇರುವವರು ಇಬ್ಬರೇ, ಟ್ವೀಡಿ ಮತ್ತು ಬೇಸ್ ನುಡಿಸುವ ಜಾನ್ ಸ್ಟಿರಾಟ್. ಅವರು ಚಿಕಾಗೋದಲ್ಲಿ ಒಂದು ಕಟ್ಟಡದ ದೊಡ್ಡ ಹಾಲ್ ಹಿಡಿದು, ತಮ್ಮ ವಾದ್ಯ, ಮೈಕು, ರೆಕಾರ್ಡಿಂಗ್ ಸಾಮಾನು ಎಲ್ಲ ಅಲ್ಲೇ ಗುಡ್ಡೆ ಹಾಕಿದರು. ಅದೇ ಲಾಫ್ಟ್. ಅಲ್ಲಿ ಕೂತು 2000–01ರಲ್ಲಿ ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್ ಆಲ್ಬಮ್ ಮಾಡಿದರು. ಒಂದೇ ಹಾಡನ್ನು ಹತ್ತು ಥರ ನುಡಿಸಿ, ಕೆಡವಿ, ಮತ್ತೆ ಕಟ್ಟಿದರು. ಗಂಟೆಗೆ ಇಷ್ಟು ಅಂತ ಬಾಡಿಗೆ ಓಡುವ ಸ್ಟುಡಿಯೋದಲ್ಲಿ ಇದು ಆಗುತ್ತಿತ್ತಾ?

ಅವರ ಲೇಬಲ್, ಅಂದರೆ ಆಲ್ಬಮ್ ಹೊರತರುವ ಕಂಪನಿ, ರಿಪ್ರೈಸ್ ಅದನ್ನು ಕೇಳಿ "ಬೇಡ" ಅಂದಿತು. ಬ್ಯಾಂಡು ಆಲ್ಬಮ್ ತಗೊಂಡು ಹೊರಗೆ ಬಂತು. 2001ರ ಸೆಪ್ಟೆಂಬರ್‌ನಲ್ಲಿ ತಮ್ಮ ವೆಬ್‌ಸೈಟಿನಲ್ಲೇ ಪೂರ್ತಿ ಆಲ್ಬಮ್ ಫ್ರೀಯಾಗಿ ಕೇಳಿಸಿದರು. ಆಮೇಲೆ ನಾನ್‌ಸಚ್ ಲೇಬಲ್ 2002ರ ಏಪ್ರಿಲ್‌ನಲ್ಲಿ ತಂದಿತು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 13ನೇ ಜಾಗಕ್ಕೆ ನೇರವಾಗಿ ಹೋಗಿ ಕೂತಿತು. ತಮಾಷೆ ಏನು ಗೊತ್ತಾ, ಆ ಎರಡೂ ಲೇಬಲ್ ವಾರ್ನರ್ ಕಂಪನಿಯವೇ. ಒಂದು ಕೈಯಲ್ಲಿ ಬಿಸಾಡಿದ್ದನ್ನು ಇನ್ನೊಂದು ಕೈಯಲ್ಲಿ ದುಡ್ಡು ಕೊಟ್ಟು ಎತ್ತಿಕೊಂಡರು.

ಸ್ವಂತ ಜಾಗ ಇದ್ದದ್ದಕ್ಕೇ ಆ ಆಲ್ಬಮ್ ಹುಟ್ಟಿತು ಅನ್ನುವುದು ನನ್ನ ವಾದ. ಈಗ ಹೊಡೀರಿ.

ಸ್ನೇರ್‌ಹುಡುಗ
ಹೊಡೀತೀನಿ, ಡ್ರಮ್ಮರ್ ಅಲ್ವಾ.

ಅರ್ಧ ಕಥೆ ಹೇಳಿದ್ದೀರಿ ಸರ್. ಆ ಲಾಫ್ಟಿನೊಳಗೆ ಎಷ್ಟು ಜನ ಹೋದರು, ಎಷ್ಟು ಜನ ಹೊರಗೆ ಬಂದರು? ಆಲ್ಬಮ್ ಶುರುವಾದಾಗ ಡ್ರಮ್ಸ್‌ನಲ್ಲಿದ್ದದ್ದು ಕೆನ್ ಕೂಮರ್. ಮೊದಲಿನಿಂದ ಇದ್ದವರು. 2001ರ ಶುರುವಿನಲ್ಲಿ ಅವರನ್ನು ತೆಗೆದು ಗ್ಲೆನ್ ಕೋಚಿಯನ್ನು ತಂದರು. ಆಲ್ಬಮ್ ಮುಗಿಯುವ ಹೊತ್ತಿಗೆ ಜೇ ಬೆನೆಟ್ ಕೂಡ ಹೊರಗೆ. ಬೆನೆಟ್ ಅಂದರೆ ಸುಮ್ನೆ ಒಬ್ಬ ಗಿಟಾರಿಸ್ಟ್ ಅಲ್ಲ. ಟ್ವೀಡಿ ಜೊತೆ ಕೂತು ಹಾಡು ಕಟ್ಟಿದವರು, ಲಾಫ್ಟಿನಲ್ಲಿ ಎಂಜಿನಿಯರ್ ಕೆಲಸವನ್ನೂ ನೋಡಿಕೊಂಡವರು. ಮಿಕ್ಸ್ ವಿಷಯಕ್ಕೆ, ಅಂದರೆ ಬೇರೆ ಬೇರೆ ರೆಕಾರ್ಡ್ ಮಾಡಿದ ಸದ್ದುಗಳನ್ನು ಹದವಾಗಿ ಸೇರಿಸುವ ವಿಷಯಕ್ಕೆ, ಇಬ್ಬರಿಗೂ ಹೇಗೆ ಹತ್ತಿತು ಅನ್ನುವುದು ಕ್ಯಾಮೆರಾದಲ್ಲೇ ಸಿಕ್ಕಿದೆ. ಆ ಹೊತ್ತಿನಲ್ಲೇ ಅವರ ಮೇಲೆ ಡಾಕ್ಯುಮೆಂಟರಿ ತೆಗೆಯುತ್ತಿದ್ದರು.

ಗಂಟೆಗೆ ಬಾಡಿಗೆ ಓಡುತ್ತಿದ್ದರೆ ಜಗಳಕ್ಕೆ ಟೈಮ್ ಇರಲ್ಲ. "ಸರಿ ಬಿಡು, ಈ ಟೇಕ್ ಇರಲಿ" ಅಂತ ಮುಂದೆ ಹೋಗುತ್ತೇವೆ. ಸ್ವಂತ ಜಾಗ ಇದ್ದರೆ ಒಂದೇ ಸಾಲಿನ ಮೇಲೆ ಮೂರು ವಾರ ಜಗಳ ಆಡಬಹುದು. ಆಡುತ್ತೇವೆ ಕೂಡ.

ಹಳೇಕ್ಯಾಸೆಟ್
ಆದರೆ ಕೋಚಿ ಬಂದಿದ್ದಕ್ಕೇ ಅಲ್ವಾ ಆ ಡ್ರಮ್ಸ್ ಹಾಗೆ ಕೇಳುವುದು? ಬದಲಾವಣೆ ಎಲ್ಲ ಕೆಟ್ಟದ್ದೇ ಅಂತ ಯಾಕೆ?

ಸ್ನೇರ್‌ಹುಡುಗ
ಕೆಟ್ಟದ್ದು ಅಂದಿಲ್ಲ. ನನಗೂ ಕೋಚಿ ಅಂದರೆ ಪ್ರಾಣ. ಆದರೆ ಕೋಚಿ ಲಾಫ್ಟಿನಿಂದ ಬಂದವರಲ್ಲ. 2000ದಲ್ಲಿ ಚಿಕಾಗೋದ ನಾಯ್ಸ್ ಪಾಪ್ ಉತ್ಸವದಲ್ಲಿ ಟ್ವೀಡಿ, ಸಂಗೀತಗಾರ ಜಿಮ್ ಓ'ರೂರ್ಕ್ ಮತ್ತು ಕೋಚಿ ಒಟ್ಟಿಗೆ ನುಡಿಸಿದರು. ಅಲ್ಲಿಂದ ಆ ಗೆಳೆತನ. ಕೊನೆಗೆ ಆಲ್ಬಮ್ ಮಿಕ್ಸ್ ಮಾಡಿದ್ದೂ ಓ'ರೂರ್ಕ್. ಲಾಫ್ಟಿನಲ್ಲಿ ತಿಂಗಳುಗಟ್ಟಲೆ ತುಂಬಿಸಿದ್ದನ್ನು ಆತ ಅರ್ಧಕ್ಕರ್ಧ ತೆಗೆದು ಹಾಕಿದ್ದಕ್ಕೇ ನಿಮಗೆ ಆ ಆಲ್ಬಮ್ ಇಷ್ಟ. ಸ್ವಂತ ರೂಮು ತುಂಬಿಸಿತು, ಹೊರಗಿನ ಕಿವಿ ಖಾಲಿ ಮಾಡಿತು.

ಚಿಕಾಗೋಕನ್ನಡಿಗ
ಇಲ್ಲಿ ಹದಿನೈದು ವರ್ಷದಿಂದ ಇದ್ದೇನೆ, ಅದಕ್ಕೆ ಎರಡು ಮಾತು.

ಲಾಫ್ಟನ್ನು "ಸ್ಟುಡಿಯೋ ಕಟ್ಟಿದರು" ಅನ್ನುವುದೇ ಸ್ವಲ್ಪ ಜಾಸ್ತಿ ಆಯಿತು. ಅದು ಒಂದು ದೊಡ್ಡ ಹಾಲು. ಗಾಜಿನ ಆಚೆ ಎಂಜಿನಿಯರ್, ಈಚೆ ಬ್ಯಾಂಡು ಅನ್ನುವ ಲೆಕ್ಕವೇ ಅಲ್ಲಿಲ್ಲ. ಸುತ್ತ ಗಿಟಾರು, ಮಧ್ಯೆ ಮಿಕ್ಸ್ ಮಾಡುವ ಕನ್ಸೋಲು, ಮೂಲೆಯಲ್ಲಿ ಅಡುಗೆ ಮನೆ, ಮಲಗೋಕೆ ಮಂಚ. ಕಟ್ಟಿದ ಸ್ಟುಡಿಯೋ ನೋಡಬೇಕು ಅಂದರೆ ಇದೇ ಊರಲ್ಲಿ ಬೆಲ್ಮಾಂಟ್ ರಸ್ತೆಯ ಎಲೆಕ್ಟ್ರಿಕಲ್ ಆಡಿಯೋ ನೋಡಿ. ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ 1997ರಲ್ಲಿ ಶುರು ಮಾಡಿದ್ದು. ಗೋಡೆಗೆ ನ್ಯೂ ಮೆಕ್ಸಿಕೋದಿಂದ ಅಡೋಬಿ ಇಟ್ಟಿಗೆ ತರಿಸಿದ್ದರು, ಅಂದರೆ ಸುಡದ ಮಣ್ಣಿನ ಇಟ್ಟಿಗೆ. ನಮ್ಮ ಹಳ್ಳಿ ಮನೆಗಳ ಥರದ್ದೇ. ಭಾರ ಜಾಸ್ತಿ, ಸದ್ದು ತಡೆಯುತ್ತದೆ. ಮೇಲ್ಮೈ ಒರಟು, ಸದ್ದು ಚುಚ್ಚುವುದಿಲ್ಲ.

ಆಲ್ಬಿನಿ ಯಾವ ಬ್ಯಾಂಡಿನಿಂದಲೂ ರಾಯಲ್ಟಿ ತಗೊಳ್ಳುತ್ತಿರಲಿಲ್ಲ. ಕೆಲಸ ಮಾಡಿದ್ದಕ್ಕೆ ಕೂಲಿ, ಅಷ್ಟೇ. 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಬೇರೆಯವರಿಗಾಗಿ ಬಾಗಿಲು ತೆರೆದಿಟ್ಟ ಸ್ಟುಡಿಯೋ ಅದು, ಲಾಫ್ಟ್ ಹಾಗಲ್ಲ. ಎರಡೂ ಬೇರೆ ಬೇರೆ ಪ್ರಾಣಿ. ಬಾಡಿಗೆಬ್ಯಾಂಡ್ ಯಾವುದನ್ನು ಸಾಕುತ್ತಾರೆ ಅಂತ ಮೊದಲು ಹೇಳಲಿ.

 

ಬಾಡಿಗೆಬ್ಯಾಂಡ್
ನನ್ನ ಪ್ರಶ್ನೆಗೆ ಇಷ್ಟು ದೊಡ್ಡ ಪಂಚಾಯ್ತಿ ಆಗುತ್ತೆ ಅಂದುಕೊಂಡಿರಲಿಲ್ಲ 😅

ನಮ್ಮದು ಸರಳ. ಕನ್ನಡ ರಾಕ್ ಮಾಡುತ್ತೇವೆ. ವಾರಕ್ಕೆ ಎರಡು ಸಲ ಜ್ಯಾಮ್ ರೂಮಿಗೆ, ಅಂದರೆ ಬಾಡಿಗೆಯ ಅಭ್ಯಾಸದ ರೂಮಿಗೆ, ಹೋಗುತ್ತೇವೆ. ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ, ಜ್ಯಾಮ್ ಎರಡು ಗಂಟೆ. ಡ್ರಮ್ಸ್ ಸೆಟ್ ಮಾಡಿ, ಆಂಪ್ ಸರಿ ಮಾಡಿ, ಕೈ ಬಿಸಿಯಾಗುವಷ್ಟರಲ್ಲಿ ಮುಂದಿನ ಬ್ಯಾಂಡಿನವರು ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮ ಗಿಟಾರಿಸ್ಟ್ ಮನೆ ಮೇಲೆ ರೂಮ್ ಖಾಲಿ ಇದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಎತ್ತರವೂ ಹತ್ತು. ಅವನ ಅಪ್ಪ ಒಪ್ಪಿದ್ದಾರೆ. ಆರರಲ್ಲಿ ಮೂರೂವರೆ ಲಕ್ಷ ಅವನದೇ. ಬೇಸ್ ಹುಡುಗ ಹೋದಮೇಲೆ ನಾವು ಚದುರಿ ಹೋಗುತ್ತೇವೆ ಅನ್ನುವ ಭಯ. ಒಂದು ಜಾಗ ಇದ್ದರೆ ಒಟ್ಟಿಗಿರುತ್ತೇವೆ ಅನ್ನಿಸುತ್ತೆ.

ಗೋಡೆಗೆಕಿವಿ
ಹತ್ತು, ಹನ್ನೆರಡು, ಹತ್ತು? ಅಯ್ಯೋ ದೇವರೇ.

ಸ್ಟುಡಿಯೋ, ಹೋಮ್ ಥಿಯೇಟರ್ ಕೆಲಸ ಮಾಡಿಸುವುದೇ ನನ್ನ ಹೊಟ್ಟೆಪಾಡು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾದವರು ದಾಟಿಕೊಂಡು ಹೋಗಿ.

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ಮಧ್ಯೆ ಅಲೆ ಹೋಗಿ ಬಂದು ತನ್ನ ಮೇಲೇ ಕೂರುವ ಒಂದು ಸ್ವರ ಪ್ರತಿ ರೂಮಿಗೂ ಇರುತ್ತದೆ. ಲೆಕ್ಕ ಸುಲಭ. 343ನ್ನು ಅಗಲದ ಎರಡರಷ್ಟರಿಂದ ಭಾಗಿಸಿ. ಹತ್ತು ಅಡಿ ಅಂದರೆ 3.05 ಮೀಟರ್. ಬರುವುದು 56 ಹರ್ಟ್ಸ್. ಬೇಸ್ ಗಿಟಾರಿನ ಎ ತಂತಿ, ಬೆರಳಿಡದೆ ಮೀಟಿದರೆ, 55 ಹರ್ಟ್ಸ್! ಅಂದರೆ ನಿಮ್ಮ ಬೇಸಿಸ್ಟ್ ಎ ನುಡಿಸಿದಾಗಲೆಲ್ಲ ರೂಮು ಗುಂಯ್ ಅನ್ನುತ್ತದೆ, ಪಕ್ಕದ ಸ್ವರ ಕೇಳುವುದೇ ಇಲ್ಲ. ಎತ್ತರವೂ ಹತ್ತೇ ಆಗಿರುವುದರಿಂದ ಈ ಕಾಟ ಎರಡು ದಿಕ್ಕಿನಿಂದ. ಆ ರೂಮಲ್ಲಿ ಕೂತು ಮಿಕ್ಸ್ ಮಾಡಿದರೆ ಬೇಸ್ ಜಾಸ್ತಿ ಇದೆ ಅಂದುಕೊಂಡು ಕಡಿಮೆ ಮಾಡುತ್ತೀರಿ. ಕಾರಲ್ಲಿ ಹಾಕಿ ಕೇಳಿದರೆ ಬೇಸೇ ಇರಲ್ಲ. ಇದಕ್ಕೆ ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆಯಂಥ ಹಾಸು) ಬೇಕು, ನಾಲ್ಕು ಇಂಚಿಗಿಂತ ಕಡಿಮೆ ಬೇಡ, ಆರಿದ್ದರೆ ಇನ್ನೂ ಒಳ್ಳೇದು. ಒಂದು ಇಂಚಿನ ಫೋಮ್ ಅಂಟಿಸಿದರೆ ಮೇಲಿನ ಸದ್ದು ಮಾತ್ರ ಸಾಯುತ್ತದೆ. ರೂಮು ಇನ್ನೂ ಮಂಕಾಗುತ್ತದೆ.

ಇನ್ನು ಮೊಟ್ಟೆ ಟ್ರೇ. ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದರಿಂದ ಸದ್ದು ಹೊರಗೆ ಹೋಗುವುದು ನಿಲ್ಲುವುದಿಲ್ಲ. ಒಳಗಿನ ಸದ್ದು ಚೆನ್ನಾಗಿ ಕೇಳುವ ಹಾಗೆ ಮಾಡುವುದೇ ಬೇರೆ, ಸದ್ದು ಹೊರಗೆ ಹೋಗದಂತೆ ಮಾಡುವುದೇ ಬೇರೆ. ಎರಡನೆಯದಕ್ಕೆ ಭಾರ ಬೇಕು, ಗೋಡೆ ಗೋಡೆಗೆ ತಾಗದೆ ನಿಲ್ಲಬೇಕು, ಗಾಳಿ ಹೋಗುವ ಸಂದಿ ಎಲ್ಲೂ ಇರಬಾರದು.

ಬಾಡಿಗೆಬ್ಯಾಂಡ್
ಗೋಡೆ ಆರು ಇಂಚಿನ ಸಾಲಿಡ್ ಬ್ಲಾಕ್ ಸರ್. ಅದು ಸಾಕಾಗಲ್ವಾ?

ಗೋಡೆಗೆಕಿವಿ
ಎರಡೂ ಕಡೆ ಪ್ಲಾಸ್ಟರ್ ಇದ್ದರೆ ಅದು ಸುಮಾರು 45 ಡೆಸಿಬೆಲ್ ತಡೆಯಬಹುದು. ಸಣ್ಣ ರೂಮಲ್ಲಿ ಡ್ರಮ್ಸ್ ಹೊಡೆದರೆ ಸಲೀಸಾಗಿ 105 ಡೆಸಿಬೆಲ್ ಬರುತ್ತದೆ. ಕಳೆಯಿರಿ, 60 ಹೊರಗೆ ಹೋಗುತ್ತದೆ. ದೇಶದ ಶಬ್ದ ಮಾಲಿನ್ಯ ನಿಯಮಗಳು, 2000ನೇ ಇಸವಿಯವು, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಅನ್ನುತ್ತವೆ. ಅದೂ ಕಿಟಕಿ ಬಾಗಿಲು ಇಲ್ಲ ಅಂದುಕೊಂಡು ಹೇಳಿದ ಲೆಕ್ಕ. ಕಿಕ್ ಡ್ರಮ್, ಬೇಸ್‌ನಂಥ ಕೆಳಗಿನ ಸದ್ದಿಗೆ ಈ ಗೋಡೆಯ ತಡೆ ಇನ್ನೂ ಕಡಿಮೆ.

ಬಾಗಿಲಿನ ಸಂದಿ ಬಕೆಟ್ಟಿನ ತೂತಿದ್ದ ಹಾಗೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ನೀವು ಕೋಟೆ ಗೋಡೆಯನ್ನೇ ಕಟ್ಟಿದ್ದರೂ ತಡೆ 20 ಡೆಸಿಬೆಲ್ ದಾಟುವುದಿಲ್ಲ. ಅದಕ್ಕೇ ಮೊದಲ ದುಡ್ಡು ಬಾಗಿಲಿಗೆ ಹಾಕಿ. ಭಾರದ ಫ್ಲಶ್ ಡೋರು, ಸುತ್ತ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಹೊಸ್ತಿಲು. ಆಗುವುದಾದರೆ ಎರಡು ಬಾಗಿಲು. ಕಿಟಕಿ ಇಟ್ಟಿಗೆಯಿಂದ ಮುಚ್ಚಿ. ಒಳಗೆ ಬೇರೆ ಫ್ರೇಮು ನಿಲ್ಲಿಸಿ. ಹಳೇ ಗೋಡೆಗೆ ಅದು ಎಲ್ಲೂ ತಾಗಬಾರದು. ಅದಕ್ಕೆ ಎರಡು ಪದರ ಜಿಪ್ಸಮ್ ಬೋರ್ಡ್, ಮಧ್ಯೆ ಉಣ್ಣೆ. ಸೀಲಿಂಗಿಗೂ ಹಾಗೇ. ಹತ್ತು ಅಡಿ ರೂಮು ಒಂಬತ್ತಾಗುತ್ತದೆ. ಡ್ರಮ್ಸ್ ಕೆಳಗೆ ರಬ್ಬರ್ ಮೇಲೆ ಕೂತ ಪ್ಲೈವುಡ್ ವೇದಿಕೆ. ಇಲ್ಲದಿದ್ದರೆ ಕಿಕ್ ನೇರವಾಗಿ ಸ್ಲ್ಯಾಬ್ ಮೂಲಕ ಕೆಳಗೆ ಅಪ್ಪ ಟೀವಿ ನೋಡುವ ಜಾಗಕ್ಕೇ ಇಳಿಯುತ್ತದೆ.

ಎಲ್ಲರೂ ಮರೆಯುವುದು ಗಾಳಿ. ಇಷ್ಟೆಲ್ಲ ಮುಚ್ಚಿದ ಮೇಲೆ ಒಳಗೆ ನಾಲ್ಕು ಜನ ಉಸಿರಾಡಬೇಕಲ್ಲ. ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಇರುವುದನ್ನೇ ತಂಪು ಮಾಡುತ್ತದೆ. ಒಂದು ಗಂಟೆಗೆ ತಲೆನೋವು, ಆಕಳಿಕೆ. "ಹಾಡಲ್ಲಿ ಜೀವ ಇಲ್ಲ" ಅಂತ ಜಗಳ ಶುರು. ಜೀವ ಇಲ್ಲದಿರುವುದು ರೂಮಲ್ಲಿ. ಒಳಗೆ ಉಣ್ಣೆ ಹಾಕಿದ, ಸುತ್ತಿ ಬಳಸಿ ಬರುವ ಡಕ್ಟು ಬೇಕು.

ಇದೆಲ್ಲ ಸರಿಯಾಗಿ ಮಾಡಿದರೆ ಆರು ಲಕ್ಷದಲ್ಲಿ ರೂಮು ಮುಗಿಯುತ್ತದೆ. ಮೈಕು, ಮಾನಿಟರ್ ಸ್ಪೀಕರು, ಕಂಪ್ಯೂಟರಿಗೆ ಸದ್ದು ಸೇರಿಸುವ ಇಂಟರ್‌ಫೇಸ್‌ಗೆ ದುಡ್ಡು ಉಳಿಯಲ್ಲ.

ಹಳೇಕ್ಯಾಸೆಟ್
ನೀವು ಹೆದರಿಸೋಕೇ ಬಂದಿದ್ದೀರಿ ಗೋಡೆ ಸರ್. ಸಿಗೂರ್ ರೋಸ್ ಬ್ಯಾಂಡಿನವರು ಏನು ಮಾಡಿದರು? ಐಸ್‌ಲ್ಯಾಂಡಿನ ಮೊಸ್ಫೆಲ್ಸ್‌ಬೈರ್‌ನಲ್ಲಿ 1930ರ ದಶಕದ ಹಳೇ ಈಜುಕೊಳ ಕೊಂಡು ಅದನ್ನೇ ಸ್ಟುಡಿಯೋ ಮಾಡಿದರು. ಹೆಸರೂ ಅದೇ, ಸುಂಡ್ಲೋಗಿನ್, ಅಂದರೆ ಈಜುಕೊಳ. 2002ರಲ್ಲಿ ಬಂದ ಅವರ ಆಲ್ಬಮ್, ಹೆಸರಿನ ಜಾಗದಲ್ಲಿ ಬರೀ ಎರಡು ಬ್ರಾಕೆಟ್ ಇರುವುದು, ಅಲ್ಲೇ ಮಾಡಿದ್ದು. ಅವರಿಗೂ ಆಗಷ್ಟೇ ಡ್ರಮ್ಮರ್ ಬದಲಾಗಿತ್ತು. ಈಜುಕೊಳದ ಅಕೌಸ್ಟಿಕ್ಸ್ ಯಾವ ಪುಸ್ತಕದ ಪ್ರಕಾರ ಸರಿ?

ಗೋಡೆಗೆಕಿವಿ
ಈಜುಕೊಳ ದೊಡ್ಡದು ಸರ್! ದೊಡ್ಡ ರೂಮಿನ ತೊಂದರೆ ಚೆಂದ ಕೇಳುತ್ತದೆ, ಸಣ್ಣ ರೂಮಿನ ತೊಂದರೆ ಕೆಟ್ಟದಾಗಿ ಕೇಳುತ್ತದೆ. ಅವರ ಹಾಡಿಗೆ ಆ ಉದ್ದನೆಯ ಗುಂಗು ಬೇಕಿತ್ತು. ನಾಗರಬಾವಿ ರೂಮಲ್ಲಿ ಗುಂಗು ಬರಲ್ಲ, ಗುಡುಗು ಬರುತ್ತೆ.

ಚಿಕಾಗೋಕನ್ನಡಿಗ
ಆಮೇಲೆ ಸಿಗೂರ್ ರೋಸ್ ಆ ಕೊಳವನ್ನು ಮಾರಿಬಿಟ್ಟರು, ಅದನ್ನೂ ಹೇಳಿ. ಈಗ ಅದು ಎಲ್ಲರಿಗೂ ಸಿಗುವ ಸ್ಟುಡಿಯೋ. ಆರ್ಕೇಡ್ ಫೈರ್ ಬ್ಯಾಂಡಿನವರು ಕೂಡ ಕೆನಡಾದ ಫಾರ್ನಮ್‌ನಲ್ಲಿ ಹಳೇ ಚರ್ಚ್ ಕೊಂಡು ಸ್ಟುಡಿಯೋ ಮಾಡಿದ್ದರು. 2007ರ ಆಲ್ಬಮ್ ಬಹುಪಾಲು ಅಲ್ಲೇ ಆಗಿದ್ದು. ಕೊನೆಗೆ ಚಾವಣಿ ಕುಸಿದು, ಅದೂ ಮಾರಾಟಕ್ಕೆ ಬಂತು. ಬ್ಯಾಂಡು ಹಾಡು ಮಾಡುತ್ತೋ, ಸೋರುವ ಸೂರು ನೋಡಿಕೊಳ್ಳುತ್ತೋ?

ವಿಲ್ಕೋದೇ ತಗೊಳ್ಳಿ. ಲಾಫ್ಟ್ ಇದ್ದೂ 2004ರ ಎ ಘೋಸ್ಟ್ ಈಸ್ ಬಾರ್ನ್ ಆಲ್ಬಮ್‌ಗೆ ನ್ಯೂಯಾರ್ಕಿನ ಸಿಯರ್ ಸೌಂಡ್ ಸ್ಟುಡಿಯೋಗೆ ಹೋದರು. ಗ್ರ್ಯಾಮಿ ಬಂದಿದ್ದು ಅದಕ್ಕೆ. ಸ್ವಂತ ಜಾಗವೇ ಎಲ್ಲ ಆಗಿದ್ದರೆ ಯಾಕೆ ಹೋದರು?

ಹಳೇಕ್ಯಾಸೆಟ್
2007ರಲ್ಲಿ ಸ್ಕೈ ಬ್ಲೂ ಸ್ಕೈಗೆ ವಾಪಸ್ ಲಾಫ್ಟಿಗೇ ಬಂದರಲ್ಲ! ಆರೂ ಜನ ಒಂದೇ ರೂಮಲ್ಲಿ ಕೂತು ನುಡಿಸಿದ್ದು. 2022ರ ಕ್ರೂಯೆಲ್ ಕಂಟ್ರಿ ಕೂಡ ಹಾಗೇ. ನೀವು ತಾರೀಖು ಆರಿಸಿಕೊಂಡು ವಾದ ಮಾಡುತ್ತಿದ್ದೀರಿ. 2004ರಲ್ಲಿ ನೆಲ್ಸ್ ಕ್ಲೈನ್, ಪ್ಯಾಟ್ ಸ್ಯಾನ್ಸೋನ್ ಬಂದ ಮೇಲೆ ಇವತ್ತಿನವರೆಗೆ ಒಬ್ಬರೂ ಬಿಟ್ಟು ಹೋಗಿಲ್ಲ. ಇಪ್ಪತ್ತು ವರ್ಷ ದಾಟಿತು. ಒಡೆಯುವ ರೂಮಾಗಿದ್ದರೆ ಇವರೂ ಒಡೆಯಬೇಕಿತ್ತು.

ಸ್ನೇರ್‌ಹುಡುಗ
ಇದಕ್ಕೆ ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ನೋಡಿ. 2001ರಲ್ಲಿ ಲಾಫ್ಟ್ ಅಂದರೆ ಒಬ್ಬರು ಕೂತು ಪದರದ ಮೇಲೆ ಪದರ ಹಾಕುವ ಜಾಗ. ಒಬ್ಬ ಕೆಲಸ ಮಾಡುವಾಗ ಉಳಿದವರು ಸೋಫಾ ಮೇಲೆ. 2007ರಲ್ಲಿ ಆರು ಜನ ಒಟ್ಟಿಗೆ ನುಡಿಸುವ ಜಾಗ. ಜಾಗ ಒಂದೇ, ಬಳಸಿದ್ದು ಬೇರೆ.

ಈಗ ಸ್ವಂತ ಅನುಭವ. ನಾನಿದ್ದ ಒಂದು ಬ್ಯಾಂಡಿನಲ್ಲೂ ಗಿಟಾರಿಸ್ಟ್ ಮನೇಲೇ ಸ್ಟುಡಿಯೋ ಆಯಿತು. ಮೊದಲ ತಿಂಗಳು ಹಬ್ಬ. ಆಮೇಲೆ ನಾವಿಲ್ಲದಾಗಲೂ ಅಲ್ಲಿ ಕೆಲಸ ನಡೆಯಿತು. ನಡೆಯದೆ ಇನ್ನೇನು, ಅವನ ಮನೆ. ನಾನು ಶನಿವಾರ ಹೋದರೆ ಹಾಡಿಗೆ ಆಗಲೇ ಸಾಫ್ಟ್‌ವೇರ್ ಡ್ರಮ್ಸ್ ಬಿದ್ದಿರುತ್ತಿತ್ತು. "ಸುಮ್ನೆ ಐಡಿಯಾಗೆ ಹಾಕಿದ್ದು ಮಗಾ, ನೀನು ಬದಲಾಯಿಸು" ಅನ್ನುತ್ತಿದ್ದ. ಬದಲಾಯಿಸಿದರೆ "ಅದರಲ್ಲೇ ಫೀಲ್ ಚೆನ್ನಾಗಿತ್ತು". ಆಲ್ಬಮ್ ಬಂದಾಗ ನಾನು ನುಡಿಸಿದ ಹಾಡು ಎರಡೇ. ಯಾರೂ ನನ್ನನ್ನು ತೆಗೆಯಲಿಲ್ಲ. ಬೇಕಾಗಲೇ ಇಲ್ಲ, ಅಷ್ಟೇ.

ಬಾಡಿಗೆಬ್ಯಾಂಡ್, ನಿಮ್ಮ ಡ್ರಮ್ಮರ್ ಇದನ್ನು ಓದುತ್ತಿದ್ದಾನಾ?

ಬಾಡಿಗೆಬ್ಯಾಂಡ್
ನಾನೇ ಡ್ರಮ್ಮರ್ ಗುರು.

ಸ್ನೇರ್‌ಹುಡುಗ
ಓಹೋ. ಹಾಗಾದರೆ ಇನ್ನೊಂದು ಸಲ ಓದಿ.

ಲೆಕ್ಕದಮ್ಮ
ನೀವೆಲ್ಲ ಡೆಸಿಬೆಲ್ ಲೆಕ್ಕ ಹಾಕಿದಿರಿ, ದುಡ್ಡಿನ ಲೆಕ್ಕ ಯಾರೂ ಹಾಕಲಿಲ್ಲ. ಆರರಲ್ಲಿ ಮೂರೂವರೆ ಲಕ್ಷ ಗಿಟಾರಿಸ್ಟದು, ರೂಮು ಅವರಪ್ಪನದು. ನನಗೆ ಕಂಡಿದ್ದು ಆ ಸಾಲು ಒಂದೇ.

ನಾಲ್ಕು ಜನ ಸೇರಿ ಗಿಗ್ (ಕಾರ್ಯಕ್ರಮ) ದುಡ್ಡು ಹಂಚಿಕೊಳ್ಳುತ್ತಿದ್ದರೆ, ಕಾಗದ ಮಾಡಿರದಿದ್ದರೂ, ಕಾನೂನು ಅದನ್ನು ಪಾಲುದಾರಿಕೆ ಅಂತ ನೋಡಬಹುದು. ಆಗ 1932ರ ಪಾಲುದಾರಿಕೆ ಕಾಯ್ದೆ ಬರುತ್ತದೆ. ಒಬ್ಬರು ಬಿಟ್ಟು ಹೋದಾಗ ಲೆಕ್ಕ ಚುಕ್ತಾ ಮಾಡದೆ, ಉಳಿದವರು ಅದೇ ಸಾಮಾನು ಇಟ್ಟುಕೊಂಡು ವ್ಯವಹಾರ ಮುಂದುವರಿಸಿದರೆ ಹೋದವರಿಗೆ ಹಕ್ಕಿದೆ. ಅವರ ಪಾಲಿನಿಂದ ಬಂದ ಲಾಭ ಕೇಳಬಹುದು, ಇಲ್ಲಾ ಆ ಪಾಲಿನ ಮೇಲೆ ವರ್ಷಕ್ಕೆ ಶೇಕಡಾ 6ರ ಬಡ್ಡಿ ಕೇಳಬಹುದು. ಜರ್ಮನಿಗೆ ಹೋಗುವ ಹುಡುಗನ ದುಡ್ಡು ಆಂಪ್‌ನಲ್ಲಿ, ಕೇಬಲ್‌ನಲ್ಲಿ ಇದೆಯಾ? ಇದ್ದರೆ ವಿಮಾನ ಹತ್ತುವ ಮೊದಲೇ ಮುಗಿಸಿ.

ಎರಡನೆಯದು ಇನ್ನೂ ಮುಖ್ಯ. ರೆಕಾರ್ಡಿಂಗಿನ ಹಕ್ಕು ಮೊದಲು ಯಾರಿಗೆ? ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅದು ನಿರ್ಮಾಪಕರದು. ನಿರ್ಮಾಪಕ ಅಂದರೆ ಆ ರೆಕಾರ್ಡಿಂಗ್ ಮಾಡಿಸುವ ಮುತುವರ್ಜಿ, ಜವಾಬ್ದಾರಿ ಹೊತ್ತವರು. ಹಾಡು ಬರೆದವರ, ನುಡಿಸಿದವರ ಹಕ್ಕು ಬೇರೆಯೇ ಇದೆ, ಆದರೆ ಆ ಫೈಲು, ಅಂದರೆ ಮಾಸ್ಟರ್, ಇವರದು. ಬಾಡಿಗೆ ಸ್ಟುಡಿಯೋಗೆ ನಾಲ್ವರೂ ದುಡ್ಡು ಹಾಕಿ ಹೋದರೆ ನಾಲ್ವರೂ ಜವಾಬ್ದಾರಿ ಹೊತ್ತಿದ್ದೇವೆ ಅನ್ನಬಹುದು. ಗಿಟಾರಿಸ್ಟ್ ಮನೇಲಿ, ಬಹುಪಾಲು ಅವನ ದುಡ್ಡಲ್ಲಿ, ಅವನೇ ರಾತ್ರಿಯೆಲ್ಲ ಕೂತು ಮಾಡಿದ ರೆಕಾರ್ಡಿಂಗ್? ನಾಳೆ ಮುನಿಸು ಬಂದರೆ ಅವನು ಏನು ಹೇಳುತ್ತಾನೆ ಊಹಿಸಿ. ರೆಕಾರ್ಡಿಂಗಿನ ಹಕ್ಕು 60 ವರ್ಷ ಇರುತ್ತದೆ. ಮದುವೆಗಿಂತ ಜಾಸ್ತಿ.

ಒಂದು ಪುಟ ಬರೆದುಕೊಳ್ಳಿ. ಮಾಸ್ಟರ್‌ನಲ್ಲಿ ಯಾರಿಗೆ ಎಷ್ಟು, ಬಿಟ್ಟು ಹೋದರೆ ಏನು, ಹಾಕಿದ ದುಡ್ಡು ಸಾಲವೋ ಪಾಲೋ. ಈ ಮೂರು ವಿಷಯ ಸಾಕು.

ಹಳೇಕ್ಯಾಸೆಟ್
ಅಮ್ಮಾ, ಗೆಳೆಯರು ಸೇರಿ ಹಾಡು ಮಾಡುವಾಗ ಕರಾರುಪತ್ರ ಅಂದರೆ ಅಲ್ಲಿಗೇ ಮೂಡ್ ಹೋಯಿತು.

ಲೆಕ್ಕದಮ್ಮ
ಮೂಡ್ ಹೋಗುತ್ತೆ ಅಂತಲೇ ಯಾರೂ ಬರೆಯಲ್ಲ. ಜೇ ಬೆನೆಟ್ 2009ರ ಮೇ ತಿಂಗಳಲ್ಲಿ ಟ್ವೀಡಿ ಮೇಲೆ ಕೇಸ್ ಹಾಕಿದರು, ರಾಯಲ್ಟಿ ಮತ್ತು ಆ ಡಾಕ್ಯುಮೆಂಟರಿಯ ದುಡ್ಡಿಗೆ. ಅದೇ ತಿಂಗಳು ತೀರಿಕೊಂಡರು. ಬ್ಯಾಂಡು ಬಿಟ್ಟು ಎಂಟು ವರ್ಷ ಆಗಿತ್ತು. ಅದನ್ನೂ ನಿಮ್ಮ ಲಾಫ್ಟ್ ಕಥೆಗೆ ಸೇರಿಸಿಕೊಳ್ಳಿ.

ಹಳೇಕ್ಯಾಸೆಟ್
...ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇಂಡೀಮುತ್ತಯ್ಯ
ತಡವಾಗಿ ಬಂದೆ. ಮೊದಲನೇ ತಕರಾರು: ವಿಲ್ಕೋ ಆವಾಗ ಇಂಡಿಪೆಂಡೆಂಟ್ ಆಗಿರಲೇ ಇಲ್ಲ. ಹಿಂದೆ ದೊಡ್ಡ ಲೇಬಲ್ ಇತ್ತು. ಸ್ವಂತ ಲೇಬಲ್ ಡಿಬಿಪಿಎಂ ಮಾಡಿದ್ದು 2011ರಲ್ಲಿ. ಲೇಬಲ್ ದುಡ್ಡಲ್ಲಿ ತಿಂಗಳುಗಟ್ಟಲೆ ಕೂತವರನ್ನು, ಕೆಲಸ ಮುಗಿಸಿ ಸಂಜೆ ಜ್ಯಾಮ್‌ಗೆ ಹೋಗುವ ಬೆಂಗಳೂರಿನ ಹುಡುಗರಿಗೆ ಮಾದರಿ ಅಂತ ತೋರಿಸಬೇಡಿ.

ನಮ್ಮೂರಿನದೇ ಉದಾಹರಣೆ ಇದೆಯಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಯಾಂಡು. ಎಷ್ಟು ಜನ ಬಂದರು ಹೋದರು. ಬೇಸಿಸ್ಟ್ ಬದಲಾದರು. ಬ್ರೂಸ್ ಲೀ ಮಣಿ, ರಾಜೀವ್ ರಾಜಗೋಪಾಲ್ ಮಾತ್ರ ಬಿಡಲಿಲ್ಲ. ಅವರು ಊರಲ್ಲಿ ಟಾಕಾಡೆಮಿ ಅಂತ ಸಂಗೀತ ಶಾಲೆ ಮಾಡಿದರು. ನನಗೆ ಇದು ಲಾಫ್ಟಿಗಿಂತ ಜಾಣತನ. ರೂಮು ತನ್ನ ಬಾಡಿಗೆಯನ್ನು ತಾನೇ ದುಡಿಯುತ್ತದೆ. ಪಾಠ ಹೇಳಿಕೊಟ್ಟ ದುಡ್ಡು ಪ್ರತಿ ತಿಂಗಳು ಬರುತ್ತದೆ, ಆಲ್ಬಮ್ ದುಡ್ಡು ಹಾಗಲ್ಲ.

ಸ್ಟ್ರೀಮಿಂಗ್‌ನಿಂದ ಸ್ಟುಡಿಯೋ ಖರ್ಚು ತೆಗೆಯುತ್ತೇವೆ ಅನ್ನುವವರು ಇದ್ದಾರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1000 ಸಲ ಕೇಳದಿದ್ದರೆ ಅದಕ್ಕೆ ಒಂದು ಪೈಸೆಯೂ ಇಲ್ಲ. ಕನ್ನಡ ರಾಕ್ ಬ್ಯಾಂಡಿನ ಐದನೇ ಹಾಡಿಗೆ ಆ ಸಾವಿರ ಸುಲಭ ಅಲ್ಲ.

ಲೆಕ್ಕದಮ್ಮ
ಮನೆ ಮೇಲೆ ಪಾಠ, ಇಲ್ಲಾ ಬೇರೆ ಬ್ಯಾಂಡಿಗೆ ಗಂಟೆ ಲೆಕ್ಕದಲ್ಲಿ ಕೊಡುವುದು ಅಂದರೆ ಬೆಸ್ಕಾಂ ಮೀಟರು, ಟ್ರೇಡ್ ಲೈಸೆನ್ಸು ಎಲ್ಲ ನೋಡಬೇಕು. ಕೆಳಗಿನ ಅಪ್ಪನಿಗೂ ಮೊದಲೇ ಹೇಳಿ. ಮಗನ ಸ್ನೇಹಿತರು ಬರುವುದು ಬೇರೆ, ಗಿರಾಕಿಗಳು ಬರುವುದು ಬೇರೆ.

ಬಾಡಿಗೆಬ್ಯಾಂಡ್
ಎಲ್ಲ ಓದಿದೆ. ಇವತ್ತು ಸಂಜೆ ನಾಲ್ವರೂ ಕೂತು ಮಾತಾಡಿದೆವು. ಜರ್ಮನಿ ಹುಡುಗನೂ ಇದ್ದ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ರೂಮನ್ನು ಸ್ಟುಡಿಯೋ ಅಂತ ಕರೆಯುವುದಿಲ್ಲ. ಹಾಡು ಬರೆಯೋಕೆ, ಅಭ್ಯಾಸಕ್ಕೆ. ಎರಡು ಲಕ್ಷದೊಳಗೆ ಬಾಗಿಲು, ಕಿಟಕಿ, ಮೂಲೆಯ ರಾಕ್‌ವೂಲ್, ಗಾಳಿ ಡಕ್ಟು. ರಾತ್ರಿ ಎಂಟರ ಮೇಲೆ ಅಲ್ಲಿ ಎಲೆಕ್ಟ್ರಾನಿಕ್ ಪ್ಯಾಡ್, ಹೆಡ್‌ಫೋನ್ ಮಾತ್ರ. ಡ್ರಮ್ಸ್ ರೆಕಾರ್ಡಿಂಗ್ ಹೊರಗೆ, ದೊಡ್ಡ ರೂಮಿರುವ ಕಡೆ. ಗಿಟಾರು, ಹಾಡು ಮನೇಲಿ. ಮಿಕ್ಸ್ ಬೇರೆಯವರ ಕೈಗೆ. ನಮ್ಮ ಗಿಟಾರಿಸ್ಟ್ ಈ ಕೊನೆಯದಕ್ಕೆ ಮುಖ ಸಿಂಡರಿಸಿದ, ಆದರೆ ಒಪ್ಪಿದ. ಒಂದು ಪುಟ ಬರೆಯುವುದಕ್ಕೂ ಒಪ್ಪಿದ. "ಸಾಫ್ಟ್‌ವೇರ್ ಡ್ರಮ್ಸ್ ಬರೀ ಕ್ಲಿಕ್‌ಗೆ", ಅಂದರೆ ತಾಳ ಹಿಡಿಯೋಕೆ ಮಾತ್ರ, ಅಂತ ಒಂದು ಸಾಲು ನಾನೇ ಸೇರಿಸಿದೆ. @ಸ್ನೇರ್‌ಹುಡುಗ, ಥ್ಯಾಂಕ್ಸ್.

ಹಳೇಕ್ಯಾಸೆಟ್
ಅಂದರೆ ಲಾಫ್ಟ್! ಬರೆಯೋಕೆ, ನುಡಿಸೋಕೆ ಸ್ವಂತ ಜಾಗ, ಮಿಕ್ಸ್ ಹೊರಗೆ. ಇದನ್ನೇ ಅಲ್ವಾ ನಾನು ಮೊದಲ ದಿನ ಹೇಳಿದ್ದು?

ಸ್ನೇರ್‌ಹುಡುಗ
ಅಲ್ಲ ಸರ್. ನೀವು "ಕಟ್ಟಿ" ಅಂದಿರಿ.

ಹಳೇಕ್ಯಾಸೆಟ್
ಬಾಗಿಲು ಕಟ್ಟಿದರೂ ಕಟ್ಟಿದ ಹಾಗೇ.

ಗೋಡೆಗೆಕಿವಿ
ಡಕ್ಟು ಗೋಡೆ ದಾಟುವ ಜಾಗದಲ್ಲಿ ಸುತ್ತ ಸಿಲಿಕೋನ್ ತುಂಬಿಸಿ, ಸಿಮೆಂಟು ಬೇಡ. ಬಾಗಿಲು ಕೂರಿಸಿದ ದಿನ ಒಳಗೆ ಬೇಸ್ ಆಂಪ್ ಹಚ್ಚಿ, ಹೊರಗೆ ಸುತ್ತ ಕೈ ಆಡಿಸಿ ನೋಡಿ. ಗಾಳಿ ತಾಗಿದ ಕಡೆ ಸದ್ದೂ ಬರುತ್ತಿದೆ ಅಂತ ಅರ್ಥ. ಅಂದಹಾಗೆ ಬೇಸ್ ಹುಡುಗ ಹೊರಡುವುದು ಯಾವಾಗ?

ಬಾಡಿಗೆಬ್ಯಾಂಡ್
ಮುಂದಿನ ತಿಂಗಳ ಕೊನೆ.

ಸ್ನೇರ್‌ಹುಡುಗ
ಹಾಗಾದರೆ ಬಾಗಿಲು ಆಮೇಲೆ. ಮೊದಲು ನಿಮ್ಮ ಡ್ರಮ್ಸು, ಅವನ ಬೇಸು ಎರಡನ್ನೂ ಒಟ್ಟಿಗೆ, ಒಂದೇ ರೂಮಲ್ಲಿ ಕೂತು ರೆಕಾರ್ಡ್ ಮಾಡಿ ಮುಗಿಸಿ. ಜರ್ಮನಿಯಿಂದ ಫೈಲು ಕಳಿಸುತ್ತೇನೆ ಅಂತಾನೆ, ನಂಬಬೇಡಿ. ಒಂದು ವಾರದ ಬುಕಿಂಗ್ ಈಗಲೇ ಮಾಡಿ. ಶನಿವಾರ ಭಾನುವಾರ ಎಲ್ಲೂ ಸಿಗಲ್ಲ, ಆಫೀಸಿಗೆ ರಜೆ ಹಾಕಿ.